ಮೈಕಿನಲ್ಲಿ ಹೇಳಬಾರದ ಮಾತು

ಊರಿನವರ ಬಾಯಲ್ಲಿ ನಾನು ಟೀಚರಮ್ಮ, ಮಕ್ಕಳ ಬಾಯಲ್ಲಿ ಮಿಸ್ಸು. ಸರ್ಕಾರಿ ಶಾಲೆಗೆ ಸೇರಿದ್ದು 2003ರಲ್ಲಿ, ನಮ್ಮ ಕಡೆ ಬಿಸಿಯೂಟದ ಒಲೆ ಹೊತ್ತಿದ ವರ್ಷ. ಅದಕ್ಕೂ ಮೊದಲು ಹಾಜರಾತಿ ಶೇ 80 ಇದ್ದ ಮಗುವಿಗೆ ತಿಂಗಳಿಗೆ ಮೂರು ಕಿಲೊ ಧಾನ್ಯ ಅಳೆದು ಕೊಡುತ್ತಿದ್ದರು. ಚೀಲ ಮನೆಗೆ ಹೋಗುತ್ತಿತ್ತು, ಮಗುವಿನ ಹೊಟ್ಟೆಗೆ ಎಷ್ಟು ಹೋಯಿತೆಂದು ಯಾರೂ ಅಳೆಯುತ್ತಿರಲಿಲ್ಲ. ಶಾಲೆಯಲ್ಲೇ ಬೇಯಿಸಿ ಬಡಿಸಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶ ಮಾಡಿತು. ಮರುವರ್ಷ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಗಿ, ಅದರ ಮರುವರ್ಷ ನಮ್ಮ ತನಕ ಬಂತು. ಹೀಗಾಗಿ ಹಸಿದ ಮಕ್ಕಳ ವಿಷಯದಲ್ಲಿ ನನಗೆ ಎಲ್ಲ ಗೊತ್ತು ಎಂಬ ಜಂಬ ಇಪ್ಪತ್ತು ವರ್ಷ ಚೆನ್ನಾಗಿಯೇ ನಡೆದುಕೊಂಡು ಬಂತು.

ನಮ್ಮ ಶಾಲೆ ಇರುವುದು ಹೊಸಕೋಟೆಯಾಚೆ. ರಾಗಿ ಹೊಲ, ಹಿಪ್ಪುನೇರಳೆ ತೋಟ ಇದ್ದ ಕಡೆಯೆಲ್ಲ ಈಗ ಗೋದಾಮು, ಲೇಔಟು. ಅವನ್ನು ಕಟ್ಟುವವರು ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗುಳೆ ಬಂದವರು. ಅವರ ಜತೆ ಮಕ್ಕಳೂ ಬರುತ್ತಾರೆ. ಹಾಗೆ ಬಂದ ಒಬ್ಬ ಹುಡುಗಿ 2024ರ ನವೆಂಬರಿನಲ್ಲಿ ನನ್ನ ಐದನೇ ತರಗತಿಗೆ ಸೇರಿ, ಐದು ತಿಂಗಳು ಇದ್ದು ಹೋದಳು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆ ಎಂಬುದು ನಾಲ್ಕನೇ ಪಾಠಕ್ಕೆ ಬರುವ ಹೊತ್ತಿಗೆ ತಿಳಿಯುತ್ತದೆ. ಮಿಕ್ಕ ಮೂವತ್ತನಾಲ್ಕು ಮಕ್ಕಳ ಹೆಸರೂ ಬೇಡ. ಪಾಠ ಅಂತ ಬರೆದಿದ್ದೇನೆ, ಆದರೆ ಕಲಿಸಿದವರು ಅವರು.

1. ಮೊದಲು ಮಗು, ಕಾಗದ ಆಮೇಲೆ

"ಟೀಸಿ ಊರಾಗ ಅದರೀ ಮೇಡಂ. ತರಾಕ ಹೋದ್ರ ಎರಡು ದಿನದ ಕೂಲಿ ಹೋಗ್ತದ" ಎಂದು ತಾಯಿ ಬಾಗಿಲಲ್ಲೇ ನಿಂತು ಹೇಳಿದರು. ಟೀಸಿ ತಡವಾಯಿತೆಂದು ಮಗುವನ್ನು ಹೊರಗೆ ನಿಲ್ಲಿಸುವ ಹಾಗಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದೂ ಇಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದೆಲ್ಲ ಸ್ಪಷ್ಟವಾಗಿದೆ. ಆದರೂ "ಟೀಸಿ ತಗೊಂಡು ಬನ್ನಿ" ಎಂಬ ಒಂದು ಮಾತಿಗೆ ಎಷ್ಟೋ ಮಕ್ಕಳು ಗೇಟಿನಿಂದಲೇ ವಾಪಸು ಹೋಗಿ ಇಟ್ಟಿಗೆ ಎತ್ತಿದ್ದನ್ನು ಕಂಡಿದ್ದೇನೆ. ಅವತ್ತು ಮಧ್ಯಾಹ್ನದ ಊಟಕ್ಕೆ ಆ ಹುಡುಗಿ ಸಾಲಿನಲ್ಲಿ ಕೂತಿದ್ದಳು. ಊರಿನ ಶಾಲೆಗೆ ಫೋನ್ ಮಾಡಿ ಇಲಾಖೆಯ ದಾಖಲೆಯಲ್ಲಿ ಅವಳನ್ನು ಗುರುತಿಸುವ ಸ್ಯಾಟ್ಸ್ ನಂಬರ್ ತರಿಸಿಕೊಳ್ಳಲು ನನಗೆ ಹನ್ನೊಂದು ದಿನ ಹಿಡಿಯಿತು. ಆ ಹನ್ನೊಂದು ದಿನದಲ್ಲಿ ಅವಳು ಗುಣಾಕಾರ ಕಲಿತಿದ್ದಳು.

2. ಮಕ್ಕಳಿಗೆ ನಮಗಿಂತ ಮೊದಲೇ ಗೊತ್ತಿರುತ್ತದೆ

ಸಂಕ್ರಾಂತಿ ಕಳೆದ ವಾರ. ಗೋದಾಮಿನ ಕೆಲಸ ಮುಗಿದಿತ್ತು. ಮೇಸ್ತ್ರಿ ಬಟವಾಡೆಯ ದುಡ್ಡು ಎತ್ತಿಕೊಂಡು ಫೋನ್ ಆಫ್ ಮಾಡಿಬಿಟ್ಟಿದ್ದ. ಭಾನುವಾರ ಸೈಟಿನವರು ಬಂದು ಶೆಡ್ಡುಗಳ ತಗಡು ಬಿಚ್ಚಿಕೊಂಡು ಹೋದರು. ನನಗೆ ಇದಾವುದೂ ತಿಳಿಯದು. ಗುರುವಾರ ಸ್ಕಿಪ್ಪಿಂಗ್ ಹಗ್ಗ ತೆಗೆಯಲು ಆಟದ ಸಾಮಾನಿನ ಬೀರು ತೆರೆದರೆ, ಲೇಜಿಮ್ಮುಗಳ ಹಿಂದೆ ಒಂದು ಅಕ್ಕಿ ಚೀಲ. ಬಾಯಿ ಬಿಚ್ಚಿ ನೋಡಿದೆ: ಎರಡು ಅಲ್ಯುಮಿನಿಯಂ ಪಾತ್ರೆ, ಒಂದು ಕೌದಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ತಿಂಥಣಿ ಮೌನೇಶ್ವರನ ಫೋಟೊ, ಐದನೇ ತರಗತಿಯ ಪರಿಸರ ಅಧ್ಯಯನ ಪುಸ್ತಕ.

"ಯಾರದಿದು?"

ತರಗತಿ ಗಪ್‌ಚಿಪ್. ಸೀಮೆಸುಣ್ಣ ಬಿದ್ದರೂ ಕೇಳಬೇಕು, ಹಾಗೆ. ಕೊನೆಗೆ ಹಿಂದಿನ ಬೆಂಚಿನ ಒಬ್ಬಳು ಎದ್ದು, "ನಮ್ದೆಲ್ಲಾರ್ದೂ ಮಿಸ್" ಅಂದಳು.

ಸೋಮವಾರದಿಂದಲೇ ಅವರಿಗೆಲ್ಲ ಗೊತ್ತಿತ್ತು. ಆ ಯಾದಗಿರಿ ಕಡೆಯ ಹುಡುಗಿಯ ಮನೆಮಂದಿ ಬಸ್‌ಸ್ಟಾಂಡಿನ ಪಕ್ಕ, ಬಾಗಿಲು ಹಾಕಿದ ಒಂದು ಅಂಗಡಿಯ ಜಗಲಿಯಲ್ಲಿ ಮಲಗುತ್ತಿದ್ದರು. ಹಗಲು ಸಾಮಾನು ಅಲ್ಲಿ ಬಿಟ್ಟರೆ ಉಳಿಯುವುದಿಲ್ಲವೆಂದು ಮಕ್ಕಳು ಬೀರುವಿನಲ್ಲಿ ಜಾಗ ಮಾಡಿದ್ದರು. ಅಷ್ಟೇ ಅಲ್ಲ. ನಮ್ಮಲ್ಲಿ ಬೆಳಿಗ್ಗೆ ಗಿಡಕ್ಕೆ ನೀರು ಹಾಕುವ ಪಾಳಿ ಇದೆ, ಪಾಳಿಯವರು ಎಂಟೂವರೆಗೇ ಬರಬೇಕು. ಆ ವಾರ ಪಟ್ಟಿಯಲ್ಲಿ ದಿನವೂ ಅವಳ ಹೆಸರೇ ಇತ್ತು. ಶಿಕ್ಷೆ ಕೊಟ್ಟಿದ್ದಾರೇನೋ ಅಂದುಕೊಂಡು ನಾನು ಮಾನಿಟರನ್ನು ಗದರಿದ್ದೂ ಉಂಟು. ಅವನು ಬೈಸಿಕೊಂಡು ಸುಮ್ಮನೆ ನಿಂತ. ನಿಜ ಸಂಗತಿ ಏನೆಂದರೆ, ಬೇಗ ಬಂದರೆ ಹುಡುಗಿಯರ ಶೌಚಾಲಯದ ನಲ್ಲಿಯಲ್ಲಿ ಅವಳು ಮೈ ತೊಳೆದುಕೊಳ್ಳಬಹುದು. ಅಲ್ಲಿನ ಬಾಗಿಲ ಚಿಲಕ ಕಿತ್ತುಹೋಗಿ ಎರಡು ವರ್ಷ. ಇಬ್ಬರು ಹುಡುಗಿಯರು ಹೊರಗೆ ದುಪ್ಪಟಿ ಹಿಡಿದು ನಿಲ್ಲುತ್ತಿದ್ದರು. ಹುಡುಗರು ಆ ಹೊತ್ತು ಆ ಕಡೆ ಸುಳಿಯಕೂಡದು ಎಂದು ಅವರವರಲ್ಲೇ ಕಟ್ಟು.

ಚಿಲಕ ಅವತ್ತೇ ಹಾಕಿಸಿದೆ. ತೊಂಬತ್ತು ರೂಪಾಯಿ. ಎರಡು ವರ್ಷ ಆ ತೊಂಬತ್ತು ರೂಪಾಯಿಗೆ ಯಾವ ಅನುದಾನ ಕಾಯುತ್ತಿದ್ದೆನೋ!

3. ಹಸಿವು ಎದ್ದು ಕಾಣುವುದು ಸೋಮವಾರ

ಶನಿವಾರ ಶಾಲೆಯಲ್ಲಿ ಉಂಡ ಮಗುವಿಗೆ ಮುಂದಿನ ಗಟ್ಟಿ ಊಟ ಸೋಮವಾರ ಮಧ್ಯಾಹ್ನ. ನಡುವೆ ಭಾನುವಾರ ಇದೆ. ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ಹೊಟ್ಟೆನೋವು, ತಲೆಸುತ್ತು, "ಮಿಸ್ ನಿದ್ದೆ ಬರ್ತಿದೆ", ಸುಮ್ಮಸುಮ್ಮನೆ ಜಗಳ, ಇವನ್ನು ಇಪ್ಪತ್ತು ವರ್ಷ ಸೋಮಾರಿತನದ ಖಾತೆಗೆ ಬರೆದವಳು ನಾನು. ಈಗ ಸೋಮವಾರ ಮೊದಲ ಪೀರಿಯಡ್ಡಿಗೆ ಲೆಕ್ಕ ಇಡುವುದಿಲ್ಲ.

ಬೆಳಿಗ್ಗೆ ಕ್ಷೀರಭಾಗ್ಯದ ಹಾಲಿದೆ, 2013ರಿಂದ ಬಂದದ್ದು. ಈಚೆಗೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟನ್ನೂ ಬೆರೆಸುತ್ತಾರೆ. ದೊಡ್ಡ ಆಸರೆಯೇ. ಆದರೆ ಒಂದೂವರೆ ದಿನ ಖಾಲಿಯಿದ್ದ ಹೊಟ್ಟೆಗೆ ಒಮ್ಮೆಲೇ ಹಾಲು ಬಿದ್ದರೆ ಕೆಲವು ಮಕ್ಕಳು ವಾಂತಿ ಮಾಡುತ್ತಾರೆ. ಅಡುಗೆ ಅಕ್ಕನ ಸಲಹೆಯಂತೆ ತರಗತಿಯ ಕಿಟಕಿಯಲ್ಲಿ ಒಂದು ಡಬ್ಬ ಇಟ್ಟೆ: ಹುರಿಗಡಲೆ, ಚೂರು ಬೆಲ್ಲ. ಯಾರು ಬೇಕಾದರೂ ಯಾವಾಗ ಬೇಕಾದರೂ ತಿನ್ನಬಹುದು, ಕೇಳಬೇಕಿಲ್ಲ. ಮೊದಲ ವಾರ ಹಸಿವಿಲ್ಲದವರೇ ಹತ್ತು ನಿಮಿಷದಲ್ಲಿ ಡಬ್ಬ ಬರಿದು ಮಾಡಿದರು. ಬೈಯಲು ಬಾಯಿ ತೆರೆದವಳು ಹೇಗೋ ತಡೆದುಕೊಂಡೆ. ಮೂರನೇ ವಾರದ ಹೊತ್ತಿಗೆ ಹುರಿಗಡಲೆಯ ಮೋಜು ಹೋಗಿತ್ತು, ಬೇಕಾದವರು ಮಾತ್ರ ಕೈ ಹಾಕುತ್ತಿದ್ದರು. "ಹಸಿದವರು ತಗೊಳ್ಳಿ" ಅಂದಿದ್ದರೆ ಬೇಕಾದವರು ಒಬ್ಬರೂ ಹತ್ತಿರ ಬರುತ್ತಿರಲಿಲ್ಲ.

ಬಡಿಸುವುದರಲ್ಲೂ ಒಂದು ಸೂಕ್ಷ್ಮ ಇದೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಐದನೇ ತರಗತಿವರೆಗೆ ತಲೆಗೆ ನೂರು ಗ್ರಾಂ ಅಕ್ಕಿಯ ಲೆಕ್ಕ. ಅನ್ನ ಎಲ್ಲರಿಗೂ ಒಂದೇ, ವ್ಯತ್ಯಾಸ ಇರುವುದು ಸಾಂಬಾರಿನಲ್ಲಿ. ಮೇಲೆ ತಿಳಿ, ತಳದಲ್ಲಿ ಬೇಳೆ, ತರಕಾರಿ. ಸೌಟು ಹಿಡಿದ ಹುಡುಗ ಸಾಲಿನುದ್ದಕ್ಕೂ ಮೇಲಿಂದ ಮೇಲೆ ಬಡಿಸಿಕೊಂಡು ಬಂದು, ಅವಳ ತಟ್ಟೆಯ ಹತ್ತಿರ ಬಂದಾಗ ಮಾತ್ರ ಸೌಟನ್ನು ತಳಕ್ಕೆ ಇಳಿಸಿ ಒಂದು ಸುತ್ತು ತಿರುವಿ ಎತ್ತುತ್ತಿದ್ದ. ಮುಖ ಬೇರೆ ಕಡೆ. ಅವನಿಗೆ ನಾನಾಗಲಿ ಬೇರೆಯವರಾಗಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

4. ಮೈಕ್ ಹಿಡಿಯಬೇಡಿ

ಈ ಪಾಠಕ್ಕೆ ನಾನು ತೆತ್ತ ಬೆಲೆ ಕಡಿಮೆ, ತೆತ್ತವಳು ಅವಳು.

ಬೀರು ತೆರೆದ ಗುರುವಾರಕ್ಕೆ ಮೂರು ದಿನ ಕಳೆದರೆ ಗಣರಾಜ್ಯೋತ್ಸವ. ಊರಿನವರು, ಪಂಚಾಯ್ತಿ ಸದಸ್ಯರು, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರು ಎಲ್ಲ ಸೇರುವ ದಿನ. ಒಳ್ಳೆಯ ಅವಕಾಶ ಎಂದುಕೊಂಡೆ. ಸ್ಟಾಫ್ ರೂಮಿನಲ್ಲಿ ದುಡ್ಡು ಎತ್ತಿ ಒಂದು ಕಂಬಳಿ, ಎರಡು ಜತೆ ಬಟ್ಟೆ ತಂದೆವು. ಧ್ವಜಾರೋಹಣ ಆದಮೇಲೆ ನಾನೇ ಮೈಕ್ ತಗೊಂಡು, ಈ ಮಗುವಿಗೆ ಈಗ ಮನೆಯಿಲ್ಲ, ರಸ್ತೆ ಬದಿ ಮಲಗಿದರೂ ಒಂದು ದಿನ ಶಾಲೆ ತಪ್ಪಿಸಿಲ್ಲ ಎಂದು ಭಾವುಕಳಾಗಿ ಮಾತಾಡಿದೆ. ಹೊಗಳುತ್ತಿದ್ದೇನೆಂದೇ ನನ್ನ ನಂಬಿಕೆ. ಅವಳನ್ನು ವೇದಿಕೆಗೆ ಕರೆದು ಕಂಬಳಿ ಹೊದಿಸಿದೆವು. ಚಪ್ಪಾಳೆ. ಯಾರೋ ಫೋಟೊ ತೆಗೆದರು. ಅವಳು ಕಂಬಳಿಯ ಒಳಗೇ ಎರಡೂ ಕೈಯಲ್ಲಿ ಲಂಗ ಹಿಡಿದುಕೊಂಡು ನೆಲ ನೋಡುತ್ತ ನಿಂತಿದ್ದಳು. ಸಂಜೆಯೊಳಗೆ ಆ ಫೋಟೊ ಊರಿನ ಮೂರು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಸುತ್ತಿತು.

ಸೋಮವಾರ ಅವಳು ಬರಲಿಲ್ಲ. ಮಂಗಳವಾರವೂ ಇಲ್ಲ. ಆ ವಾರ ಪೂರ್ತಿ ಇಲ್ಲ.

ಬುಧವಾರ ಅವಳ ಪಕ್ಕದಲ್ಲಿ ಕೂರುವ ಹುಡುಗಿ ನೋಟ್ಸ್ ತೋರಿಸುವ ನೆವದಲ್ಲಿ ಮೇಜಿನ ಹತ್ತಿರ ಬಂದು, ತೀರ ಸಣ್ಣ ದನಿಯಲ್ಲಿ, "ಮಿಸ್, ನೀವು ಮೈಕಲ್ಲಿ ಹೇಳ್ಬಾರ್ದಿತ್ತು" ಅಂದಳು. ಆಮೇಲೆ ನನಗೇ ಬೇಜಾರಾಗಬಾರದೆಂದೋ ಏನೋ, "ನಾವು ಆರನೇ ಕ್ಲಾಸೋರ್ಗೂ ಹೇಳಿರ್ಲಿಲ್ಲ ಮಿಸ್" ಎಂದು ಸೇರಿಸಿದಳು.

ಮೂವತ್ತನಾಲ್ಕು ಮಕ್ಕಳು ಒಂದು ವಾರ ಬಾಯಿ ಕಟ್ಟಿಕೊಂಡು ಕಾಪಾಡಿದ್ದನ್ನು ನಾನು ಮೂರು ನಿಮಿಷದಲ್ಲಿ ಊರಿಗೆ ಹಂಚಿದ್ದೆ. ಅವಳು ಇದ್ದಕ್ಕಿದ್ದಂತೆ ಬರೀ ಬಡವಳಾಗಿಬಿಟ್ಟಳು. ಭಾನುವಾರದ ತನಕ ಅವಳು ಕುಂಟೆಬಿಲ್ಲೆಯಲ್ಲಿ ಗೆಲ್ಲುವವಳು, ಯಾದಗಿರಿ ಮಾತಿನವಳು, ಮಗ್ಗಿ ಬಲ್ಲವಳು. ಸೋಮವಾರದಿಂದ ಕಂಬಳಿ ಹೊದಿಸಿಕೊಂಡವಳು. ಮತ್ತೊಂದು ಲೆಕ್ಕ ಹೇಳುತ್ತೇನೆ, ಅದು ನನ್ನನ್ನು ಈಗಲೂ ಚುಚ್ಚುತ್ತದೆ: ಶಾಲೆಗೆ ಬಾರದ ಆರು ದಿನವೆಂದರೆ ಆರು ಊಟ, ಆರು ಮೊಟ್ಟೆ. ಉಪಕಾರ ಮಾಡಹೋಗಿ ನಾನು ಕಿತ್ತುಕೊಂಡದ್ದು ಅದನ್ನು.

ಗುರುವಾರ ಸಂಜೆ ಸಹೋದ್ಯೋಗಿಯೊಬ್ಬರ ಜತೆ ಆ ಜಗಲಿಗೆ ಹೋದೆ. ತಾಯಿ ಕೂರಲು ಗೋಣಿತಾಟು ಹಾಸಿದರು. ಬೈಯಲಿಲ್ಲ. "ನಾವು ದುಡಿಯಾಕ ಬಂದವ್ರು ಮೇಡಂ, ಬೇಡಾಕ ಬಂದಿಲ್ರಿ" ಎಂದಷ್ಟೇ ಹೇಳಿ ಒಲೆಗೆ ಚಿಪ್ಪು ಒಟ್ಟಿದರು. ಕಂಬಳಿ ಮಡಿಸಿದ ಹಾಗೇ ಮೂಲೆಯಲ್ಲಿತ್ತು.

ಅಲ್ಲಿ ನನ್ನ ತರಗತಿಯ ಇಬ್ಬರು ಹುಡುಗಿಯರೂ ಇದ್ದರು, ಬೀದಿ ದೀಪದ ಕಂಬದ ಕೆಳಗೆ. ಸೋಮವಾರದಿಂದ ದಿನಾ ಸಂಜೆ ಬಂದು ಅಲ್ಲೇ ಹೋಂವರ್ಕ್ ಮಾಡುತ್ತಿದ್ದರಂತೆ. ಶಾಲೆಗೆ ಬಾ ಎಂದು ಅವರು ಕರೆದೇ ಇರಲಿಲ್ಲ. ಅವತ್ತಿನ ಪಾಠ ಬರೆದುಕೊಳ್ಳುವುದು, ಕುಂಟೆಬಿಲ್ಲೆ ಆಡುವುದು, ಕತ್ತಲಾಗುವ ಮೊದಲು ಮನೆಗೆ ಓಡುವುದು. ಮುಂದಿನ ಸೋಮವಾರ ಮೂವರೂ ಒಟ್ಟಿಗೆ ಗೇಟು ದಾಟಿ ಒಳಗೆ ಬಂದರು. ಯಾರೂ ತಿರುಗಿ ನೋಡಲಿಲ್ಲ. ನೋಡಬಾರದೆಂದು ಮೊದಲೇ ಮಾತಾಗಿತ್ತೆಂದು ಕಾಣುತ್ತದೆ, ಯಾಕೆಂದರೆ ಇಡೀ ತರಗತಿ ಆ ಗಳಿಗೆಯಲ್ಲಿ ಅಸಾಧ್ಯ ಶ್ರದ್ಧೆಯಿಂದ ಕಪ್ಪುಹಲಗೆ ನೋಡುತ್ತಿತ್ತು. ಹಲಗೆಯ ಮೇಲೆ ಏನೂ ಬರೆದಿರಲಿಲ್ಲ.

5. ಕೆಲವು ಲೆಕ್ಕಗಳನ್ನು ತಾಳೆ ನೋಡಬಾರದು

2024ರ ಸೆಪ್ಟೆಂಬರಿನಿಂದ ನಮ್ಮಲ್ಲಿ ವಾರಕ್ಕೆ ಆರು ದಿನ ಮೊಟ್ಟೆ. ಎರಡು ದಿನದ್ದು ಸರ್ಕಾರದ್ದು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಯಾರು ಯಾವುದು ಎಂದು ಮನೆಯವರನ್ನು ಕೇಳಿ ಪಟ್ಟಿ ಮಾಡಿಟ್ಟುಕೊಂಡಿದ್ದೇವೆ. ಬಾಳೆಹಣ್ಣಿನ ಪಟ್ಟಿಯಲ್ಲಿದ್ದ ಒಬ್ಬ ಹುಡುಗ ಫೆಬ್ರುವರಿಯ ಒಂದು ದಿನ ಬಂದು, "ಮಿಸ್, ನನ್ನ ಹೆಸ್ರು ಮೊಟ್ಟೆಗೆ ಹಾಕಿ" ಅಂದ. ಹಾಕಿದೆ. ಎರಡು ವಾರ ಕಳೆಯಿತು. ಒಂದು ಬೆಳಿಗ್ಗೆ ವಿಭೂತಿ ಧರಿಸಿದ ಅವನ ಅಜ್ಜಿ ಕೋಲೂರಿಕೊಂಡು ಶಾಲೆಗೇ ಬಂದರು.

"ಏನಮ್ಮ ಟೀಚರಮ್ಮ, ನಮ್ಮ ಹುಡುಗ್ನಿಗೆ ಮೊಟ್ಟೆ ಅಭ್ಯಾಸ ಮಾಡ್ಸಿದೀರಂತೆ?"

ಹುಡುಗನನ್ನು ಕರೆಸಿದೆ. ಅವನು ನನ್ನನ್ನು ನೋಡಿದ, ಅಜ್ಜಿಯನ್ನು ನೋಡಿದ, ಕಾಲ ಹೆಬ್ಬೆರಳು ನೋಡಿಕೊಂಡ. "ನಾನ್ ತಿನ್ನಲ್ಲ ಅಜ್ಜಿ. ತಗೊಂಡು ಅವ್ಳ ತಟ್ಟೆಗೆ ಉರುಳಿಸ್ತೀನಿ."

"ಯಾರ ತಟ್ಟೆಗೆ?"

ಅವನು ಹೆಸರು ಹೇಳಲಿಲ್ಲ. ನನ್ನ ಮುಖ ನೋಡಿದ ಅಷ್ಟೇ. ಮೈಕಿನ ಪಾಠ ಅವನಿಗೂ ಆಗಿತ್ತು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊನೆಗೆ ಕೇಳಿದ್ದು ಒಂದೇ: "ಮುಟ್ಟಿದ ಮೇಲೆ ಕೈ ತೊಳ್ಕೋತೀಯೇನೋ?"

"ಹ್ಞೂಂ ಅಜ್ಜಿ. ಸೋಪು ಹಾಕಿ."

"ಸರಿ ಹಂಗಾದ್ರೆ" ಎಂದು ಕೋಲೂರಿಕೊಂಡು ಹೊರಟುಹೋದರು.

ರಿಜಿಸ್ಟರಿನ ಪ್ರಕಾರ ಇದು ತಪ್ಪು. ಒಂದು ಮಗುವಿಗೆ ಒಂದು ಮೊಟ್ಟೆ, ನನ್ನ ಸಹಿ ಅದಕ್ಕೇ ಬಿದ್ದಿದೆ. ತಪಾಸಣೆಗೆ ಬಂದವರು ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಆದರೆ ಆ ಹುಡುಗ ಬಾಳೆಹಣ್ಣು ಬಿಟ್ಟಿದ್ದ, ಅವನಿಗೆ ಬಾಳೆಹಣ್ಣು ಎಂದರೆ ಪ್ರಾಣ. ಆ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಬರುವುದಿಲ್ಲ.

6. ಎಲ್ಲ ಮಕ್ಕಳೂ ದೇವರಲ್ಲ. ಉಪದೇಶ ಮಾಡದೆ ತಲೆ ನೋಡಿ

ಇಲ್ಲಿಯವರೆಗೆ ಓದಿದವರಿಗೆ ನನ್ನ ತರಗತಿ ಋಷ್ಯಾಶ್ರಮದಂತೆ ಕಂಡಿದ್ದರೆ, ಹಾಗೇನಿಲ್ಲ. ಬಂದ ಹೊಸದರಲ್ಲಿ ಅವಳಿಗೆ 'ಶೆಡ್ಡಿನೋಳು' ಎಂಬ ಹೆಸರು ಕಟ್ಟಿದ್ದೂ ಇವರೇ. ಅವಳ "ಬ್ಯಾಡ", "ಹೌದಲ್ಲೇನು" ಅಣಕಿಸಿ ನಕ್ಕದ್ದೂ ಇವರೇ. ಡಿಸೆಂಬರಿನಲ್ಲಿ ಒಬ್ಬ ತಾಯಿ ಬಂದು, "ಆ ಮಗೂ ತಲೇಲಿ ಹೇನಿದೆ, ನಮ್ಮವಳ್ನ ಬೇರೆ ಬೆಂಚಿಗೆ ಕೂರ್ಸಿ" ಅಂದರು. ತಾಯಿ ಆಡಿದ ಮಾತು ಮಧ್ಯಾಹ್ನದೊಳಗೆ ಮಕ್ಕಳ ಬಾಯಿಗೆ ಬಂದಿತ್ತು.

ಇಂಥ ಹೊತ್ತಿನಲ್ಲಿ 'ಎಲ್ಲರೂ ಸಮಾನರು' ಎಂದು ಪಾಠ ಮಾಡಿದರೆ ಮಕ್ಕಳು ತಲೆಯಾಡಿಸುತ್ತಾರೆ, ಕಣ್ಣು ಮಾತ್ರ ಆ ಹುಡುಗಿಯ ಕಡೆಗೇ ತಿರುಗುತ್ತದೆ. ಯಾರ ಬಗ್ಗೆ ಪಾಠ ಎಂಬುದು ಅವರಿಗೆ ಗೊತ್ತು. ನಾನು ಪಾಠ ಮಾಡದೆ ಶನಿವಾರ ಒಂದು ಸೀರಣಿಗೆ, ಕೊಬ್ಬರಿ ಎಣ್ಣೆ, ಬಿಳಿ ಪಂಚೆ ತಂದೆ. ಬೇವಿನ ಮರದ ಕೆಳಗೆ ಮೂವತ್ತೈದು ತಲೆ. ಸುರುವಿಗೆ ನಾನೇ ಜಡೆ ಬಿಚ್ಚಿ ಅಡುಗೆ ಅಕ್ಕನ ಮುಂದೆ ಕೂತೆ. ಅಕ್ಕ ಬಾಚಿ, ಪಂಚೆಯ ಮೇಲೆ ಕೊಡವಿ, "ಟೀಚರ್, ಒಂದಿದೆ" ಅಂದಾಗ ಮಕ್ಕಳ ನಗು ಗೇಟಿನಾಚೆಗೂ ಕೇಳಿಸಿರಬೇಕು. ಒಟ್ಟು ಹದಿನಾಲ್ಕು ತಲೆಯಲ್ಲಿ ಸಿಕ್ಕವು. ಯಾವ ಹದಿನಾಲ್ಕು ಎಂದು ಬರೆದಿಡಲಿಲ್ಲ. ಹೇನಿನ ಮಾತು ಅಲ್ಲಿಗೆ ನಿಂತಿತು. 'ಶೆಡ್ಡಿನೋಳು' ನಿಲ್ಲಲು ಇನ್ನೂ ಕೆಲವು ದಿನ ಬೇಕಾಯಿತು, ನಿಂತದ್ದು ನನ್ನಿಂದಲ್ಲ, ಮುಂದೆ ಹೇಳುವ ಸಿಂಬಿಯಿಂದ.

7. ಅವಳಿಂದಲೂ ಏನಾದರೂ ಇಸಕೊಳ್ಳಿ

ಒಂದು ದಿನ ಪುಸ್ತಕದ ಕಟ್ಟುಗಳು ಬಂದವು. ಗೇಟಿನಿಂದ ಕಚೇರಿಗೆ ಸಾಗಿಸಬೇಕು. ಹುಡುಗರು ಎರಡು ಕೈಯಲ್ಲಿ ತಬ್ಬಿಕೊಂಡು ಏದುಸಿರು ಬಿಡುತ್ತಿದ್ದರು. ಇವಳು ನೋಡಿ ನೋಡಿ, ತನ್ನ ಟವೆಲ್ಲನ್ನು ಸುರುಳಿ ಸುತ್ತಿ, ತುದಿ ಸಿಕ್ಕಿಸಿ, ತಲೆಯ ಮೇಲೆ ಸಿಂಬಿ ಇಟ್ಟುಕೊಂಡು, ಒಂದು ಕಟ್ಟು ಹೊತ್ತು ಕೈ ಬಿಟ್ಟು ನಡೆದೇಬಿಟ್ಟಳು. ಕತ್ತು ಅಲುಗಲಿಲ್ಲ. ತರಗತಿ ಬಾಯಿ ಬಿಟ್ಟುಕೊಂಡು ನೋಡಿತು.

ಮುಂದಿನ ವಾರವೆಲ್ಲ ಮಕ್ಕಳಿಗೆ ಸಿಂಬಿಯ ಹುಚ್ಚು. ಟವೆಲ್ಲು, ದುಪ್ಪಟಿ, ಒಬ್ಬನಂತೂ ಅಪ್ಪನ ಪಂಚೆ. ಸಿಂಬಿ ಸಡಿಲವಾದರೆ ಏಕೆ ಜಾರುತ್ತದೆ, ಹೊರೆಯ ಭಾರ ಕತ್ತಿನ ನೇರಕ್ಕೆ ಹೇಗೆ ಇಳಿಯಬೇಕು, ಕಣ್ಣನ್ನು ದೂರದ ಒಂದು ಗುರುತಿನ ಮೇಲೆ ನೆಟ್ಟರೆ ಹೆಜ್ಜೆ ಹೇಗೆ ತಪ್ಪುವುದಿಲ್ಲ, ಎಲ್ಲ ಅವಳೇ ಹೇಳಿಕೊಟ್ಟಳು. ಇಟ್ಟಿಗೆಯ ಸಾಲು ಎಣಿಸಿ ಎಣಿಸಿ ಅವಳಿಗೆ ಎಂಟರ ಮಗ್ಗಿ, ಹನ್ನೆರಡರ ಮಗ್ಗಿ ಬಾಯಿಪಾಠ, ಅದೂ ಹೊರಬಿತ್ತು. ಈ ಕೌಶಲ ಒಂಬತ್ತು ವರ್ಷಕ್ಕೇ ಬರಬಾರದಿತ್ತು ಎಂಬುದು ನನಗೆ ಗೊತ್ತಿದೆ. ನೋಡುತ್ತ ನಿಂತಾಗ ಹೊಟ್ಟೆಯಲ್ಲಿ ಸಂಕಟವೂ ಆಯಿತು. ಆದರೆ ಮಕ್ಕಳು ಕಂಡದ್ದು ಸಂಕಟವನ್ನಲ್ಲ, ಕೈ ಬಿಟ್ಟು ನಡೆಯುವವಳನ್ನು.

ಅವಳಿಗೆ ಸಾಲ ಇಟ್ಟುಕೊಳ್ಳುವುದು ಆಗುತ್ತಿರಲಿಲ್ಲ. ಪೆನ್ಸಿಲ್ ಕೊಟ್ಟವಳಿಗೆ ಹುಣಿಸೆಕಾಯಿ ತಂದು ಕೊಡುತ್ತಿದ್ದಳು. "ಇರಲಿ ಬಿಡು" ಎಂದು ಯಾರೂ ಹೇಳಬಾರದು, ತೆಗೆದುಕೊಳ್ಳಬೇಕು. ಮಕ್ಕಳು ತೆಗೆದುಕೊಂಡು ಚಪ್ಪರಿಸುತ್ತಿದ್ದರು. "ಇರಲಿ ಬಿಡಮ್ಮ" ಎನ್ನುವ ಚಟ ಇರುವುದು ನಮ್ಮಂಥ ದೊಡ್ಡವರಿಗೆ.

8. ದುಡ್ಡು ಮಕ್ಕಳ ಕೆಲಸವಲ್ಲ. ಗುಟ್ಟಿನಲ್ಲೂ ಎರಡು ಬಗೆ

ಒಬ್ಬ ಹುಡುಗ ಅಪ್ಪನ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಇನ್ನೂರು ರೂಪಾಯಿ ಎತ್ತಿದ. ಅವಳಿಗೆ ಚಪ್ಪಲಿ ತರಲು. ಅಪ್ಪನಿಗೆ ಗೊತ್ತಾಗಿ ಬಾಸುಂಡೆ ಬರುವಂತೆ ಹೊಡೆದಿದ್ದರು. ಅವನು ಬಾಯಿ ಬಿಡಲಿಲ್ಲ, ಏಕೆಂದರೆ ಬಿಟ್ಟರೆ ಅವಳ ಹೆಸರು ಬರುತ್ತದೆ. ಅವನ ಅಂಗಿ ಎತ್ತಿ ಬೆನ್ನು ನೋಡಿದಾಗ, ಮಕ್ಕಳ ಒಳ್ಳೆಯತನವನ್ನು ಕಂಡು ಹಿಗ್ಗುತ್ತ ಕೂತ ನನ್ನ ಮೇಲೇ ನನಗೆ ಸಿಟ್ಟು ಬಂತು. ಮಕ್ಕಳು ಇಷ್ಟು ಭಾರ ಹೊತ್ತುಕೊಂಡರೆಂದರೆ, ಹೊರಬೇಕಾದವರು ಹೊತ್ತಿರಲಿಲ್ಲ ಎಂದರ್ಥ.

ಅವತ್ತು ತರಗತಿಯಲ್ಲಿ ಯಾರ ಹೆಸರೂ ಎತ್ತದೆ ಒಂದು ಒಪ್ಪಂದ ಮಾಡಿಕೊಂಡೆವು. ಜಾಗ ಕೊಡುವುದು, ಜತೆಗಿರುವುದು, ಆಟಕ್ಕೆ ಸೇರಿಸುವುದು ನಿಮ್ಮದು. ದುಡ್ಡು, ಬಟ್ಟೆ, ಮನೆ, ಕಾಗದಪತ್ರ ನಮ್ಮದು. ಅಂಥದ್ದು ಕಂಡರೆ ನನ್ನ ಕಿವಿಯಲ್ಲಿ ಹೇಳಿ. ಗುಟ್ಟಿನ ಬಗ್ಗೆಯೂ ಮಾತಾಡಿದೆವು. ಗೆಳತಿಗೆ ನಾಚಿಕೆ ಆಗದಿರಲೆಂದು ಮುಚ್ಚಿಡುವ ಗುಟ್ಟು ಒಳ್ಳೆಯದು. ಆದರೆ ರಾತ್ರಿ ಯಾರೋ ಬಂದು ಕಾಟ ಕೊಡುತ್ತಾರೆ, ಯಾರೋ ಹೊಡೆಯುತ್ತಾರೆ, ಯಾರಿಗೋ ಎರಡು ದಿನದಿಂದ ಊಟವಿಲ್ಲ ಎಂಬ ಗುಟ್ಟನ್ನು ಇಟ್ಟುಕೊಳ್ಳಬಾರದು. ಬಯಲಲ್ಲಿ ಮಲಗುವ ಹೆಣ್ಣುಮಗುವಿನ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಮಕ್ಕಳ ಸಹಾಯವಾಣಿ 1098ನ್ನು ಗೋಡೆಯ ಮೇಲೆ ಬಹಳ ವರ್ಷದಿಂದ ಬರೆಸಿದ್ದೇವೆ, ಆದರೆ ಅದು ಯಾತಕ್ಕೆಂದು ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು.

ಅಂಗಡಿಯ ಅಪ್ಪನನ್ನು ನಾನೇ ಹೋಗಿ ಕಂಡೆ. ಇನ್ನೂರು ರೂಪಾಯಿ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಹುಡುಗನನ್ನು ಹೊಡೆದದ್ದು ತಪ್ಪೆಂದು ಒಪ್ಪಿಕೊಳ್ಳಲೂ ಇಲ್ಲ.

9. ಮನೆ ಸಿಕ್ಕಿದ್ದು ಅರ್ಜಿಯಿಂದಲ್ಲ

ನಾನು ಅರ್ಜಿ ಬರೆದೆ. ಎರಡು ಕಚೇರಿ ತಿರುಗಿದೆ. ಊರಿನ ಪಡಿತರ ಚೀಟಿಯ ಮೇಲೆ ಇಲ್ಲಿಯೂ ರೇಷನ್ ಎತ್ತಬಹುದೆಂದು ಆ ತಾಯಿಗೆ ತಿಳಿಸಿದೆ, ಆದರೆ ಚೀಟಿ ಊರಲ್ಲಿ, ಅತ್ತೆಯ ಹತ್ತಿರ. ಹಾಸ್ಟೆಲಿನ ಮಾತೆತ್ತಿದೆ, ಕಸ್ತೂರಬಾ ಶಾಲೆ ಆರನೇ ತರಗತಿಯಿಂದ, ಇವಳು ಐದರಲ್ಲಿ.

ಈ ನಡುವೆ ಒಬ್ಬ ಹುಡುಗ ಮನೆಯಲ್ಲಿ ತಾತನ ಹಿಂದೆ ಬಿದ್ದಿದ್ದ. ಅವರ ಹುಳುಮನೆ ಖಾಲಿಯಿತ್ತು. ಗೂಡಿನ ಬೆಲೆ ಬಿದ್ದ ವರ್ಷ ತಾತ ರೇಷ್ಮೆ ಬಿಟ್ಟಿದ್ದರು. ಗೋಡೆಗೆ ಒರಗಿಸಿಟ್ಟ ಚಂದ್ರಂಕಿಗಳ ಮೇಲೆ ಎರಡು ವರ್ಷದ ಧೂಳು. "ಹುಳ ಇಲ್ವಲ್ಲ ತಾತ, ಜನ ಇರ್ಲಿ" ಎಂದು ದಿನಾ ರಾತ್ರಿ ಊಟದ ಹೊತ್ತಿಗೆ ಅವನ ರಾಗ. ತಾತನಿಗೆ ಸಾಕಾಗಿ ನನ್ನನ್ನು ಕರೆಸಿ, "ಟೀಚರಮ್ಮ, ಅವ್ರು ನಂಬಿಗಸ್ತರಾ?" ಎಂದು ಕೇಳಿದರು. ಹೌದೆಂದೆ. ಬಾಡಿಗೆ ಬೇಡ, ಬದಲಿಗೆ ಗೋಡೆಗೆ ಸುಣ್ಣ ಹೊಡೆದು, ಕಿತ್ತುಹೋದ ನೆಲ ಗಾರೆ ಮಾಡಿಕೊಡಲಿ ಅಂದರು. ತಂದೆ ಗಾರೆ ಕೆಲಸದವರೇ. ಫೆಬ್ರುವರಿ ಎರಡನೇ ವಾರ ಬೀರುವಿನಿಂದ ಅಕ್ಕಿ ಚೀಲ ಹೊರಬಂತು. ಹೊತ್ತುಕೊಂಡು ಹೋದವರು ಏಳು ಮಂದಿ, ಸಿಂಬಿ ಇಟ್ಟುಕೊಂಡು, ಸರದಿಯ ಮೇಲೆ. ಅವಳು ಮುಂದೆ ಕೈ ಬೀಸಿಕೊಂಡು.

10. ಹೋಗುವವರು ಹೇಳಿ ಹೋಗುವುದಿಲ್ಲ

ಯುಗಾದಿಗೆ ಇನ್ನೊಂದು ವಾರ ಇತ್ತು. ಬೇರೆ ಮೇಸ್ತ್ರಿ ಸಿಕ್ಕಿ, ಮುಂಗಡ ಕೊಟ್ಟು, ರಾತ್ರೋರಾತ್ರಿ ಟೆಂಪೊ ತಂದಿದ್ದನಂತೆ. ಬೆಳಿಗ್ಗೆ ಹುಳುಮನೆಯ ಬಾಗಿಲಿಗೆ ಬೀಗ. ನೆಲಕ್ಕೆ ಹಾಕಿದ ಗಾರೆ ಮುಗಿದಿತ್ತು, ಒಂದು ಗೋಡೆಯ ಸುಣ್ಣ ಬಾಕಿ. ಮಕ್ಕಳಿಗೆ ಸಿಟ್ಟು ಬಂತು. ಪರೀಕ್ಷೆಯೂ ಬರೆಯದೆ ಹೋದಳೆಂದು ಅವಳ ಜತೆಯವಳು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಅವಳು ಬರುತ್ತಾಳೆಂದು ನಾನು ಸುಳ್ಳು ಹೇಳಲಿಲ್ಲ. ಗುಳೆ ಬಂದವರಿಗೆ ವಿದಾಯ ಹೇಳುವಷ್ಟು ಪುರುಸೊತ್ತು ಯಾರೂ ಕೊಡುವುದಿಲ್ಲ ಎಂದೆ, ಅಷ್ಟೇ. ಅವಳ ಜಾಗವನ್ನು ಖಾಲಿ ಬಿಡೋಣವೇ ಎಂದು ಕೇಳಿದರು, ಬೇಡವೆಂದೆ. ನವೆಂಬರಿಗೆ ಇನ್ನೊಬ್ಬರು ಬರುತ್ತಾರೆ.

ಜೂನಿನಲ್ಲಿ ಶಾಲೆ ತೆರೆದ ಎರಡನೇ ವಾರ ಆನೇಕಲ್ ಕಡೆಯ ಒಂದು ಶಾಲೆಯಿಂದ ಫೋನ್ ಬಂತು. ಈ ಹೆಸರಿನ ಮಗು ಆರನೇ ತರಗತಿಗೆ ಬಂದಿದೆ, ಟೀಸಿ ಇಲ್ಲ, ಸ್ಯಾಟ್ಸ್ ನಂಬರ್ ಕೊಡುತ್ತೀರಾ ಎಂದರು. ಕೊಟ್ಟೆ. ಆ ಟೀಚರಿಗೆ ಅವಳ ಬಗ್ಗೆ ಇನ್ನೂ ಏನೇನೋ ಹೇಳಬೇಕೆನಿಸಿತು. ಎಂಟರ ಮಗ್ಗಿ ಬರುತ್ತದೆ ಎಂದು ಮಾತ್ರ ಹೇಳಿದೆ.

ಆರನೇ ತರಗತಿಗೆ ಹೋಗಿ ಸುದ್ದಿ ತಿಳಿಸಿದರೆ, ಸೌಟು ಹಿಡಿಯುತ್ತಿದ್ದ ಹುಡುಗ ಕೇಳಿದ: "ಅಲ್ಲಿ ಸಾಂಬಾರು ಯಾರು ಬಡಿಸ್ತಾರೆ ಮಿಸ್?"